ಯಾಣಕ್ಕೆ ಹೋದ ನೆಂಟರು

"ಇಲ್ಲಿ ಬಾಡಿಗೆಯವ್ರು ಅಂತ ಯಾರೂ ಇಲ್ಲ ಒಡೆಯಾ. ಇದ್ದವ್ರೆಲ್ಲ ನೆಂಟ್ರು."

ಈರಮ್ಮ ಇಷ್ಟು ಹೇಳಿ ಮೊರದಲ್ಲಿದ್ದ ಒಣಮೆಣಸಿನ ತೊಟ್ಟು ಮುರಿಯತೊಡಗಿದಳು.

ಕಮಲಾಕರ ಹೆಗಡೆ ಅವಳ ಜಗಲಿಯ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಂಡರು. ಇನ್ನೂ ಒಂಬತ್ತೂವರೆ. ಏಪ್ರಿಲ್ ತಿಂಗಳ ಬಿಸಿಲು ಹೊನ್ನಾವರದ ಹಂಚುಗಳ ಮೇಲೆ ಆಗಲೇ ಕೂತುಬಿಟ್ಟಿತ್ತು. ಕುಮಟೆಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೇಲಿಫನಾಗಿ ಊರೂರಿನ ಬಾಗಿಲುಗಳಿಗೆ ನೋಟೀಸು ಅಂಟಿಸಿ, ಬೀಗ ಜಡಿದು, ಒಂದು ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವರು ಅವರು. ಈಗ ತಮ್ಮನ್ನು ಮಾವ ಎಂದು ಕರೆಯುವ ವಕೀಲೆ ಸ್ಮೃತಿ ಹೇಳಿದ ವಿಚಾರಣೆಗಳಿಗೆ ಊರೂರು ತಿರುಗುತ್ತಾರೆ. ಬಾಗಿಲ ಹೊರಗೆ ನಿಂತು ಒಳಗಿನವರು ಸುಳ್ಳು ಹೇಳುವುದನ್ನು ಕೇಳಿ ಕೇಳಿ ಅವರ ಕಿವಿಗೇ ದಣಿವಾಗಿತ್ತು.

ಪಕ್ಕದಲ್ಲಿ ಅಂಬಾ ನಿಂತೇ ಇದ್ದಳು. ಭಟ್ಕಳದ ಬೆಳಕೆಯವಳು, ಮೀನು ಮಾರುವವಳು. ಅವಳ ತಮ್ಮ ಮಹಾದೇವ ಮೊಗೇರ, ದೋಣಿಯ ಇಂಜಿನು ರಿಪೇರಿ ಮಾಡುವವನು, ಹದಿನಾರು ದಿನಗಳಿಂದ ಕಾಣೆಯಾಗಿದ್ದ.

"ನೆಂಟ್ರು ಎಷ್ಟು ಮನೆಯಲ್ಲಿದ್ದಾರೆ?" ಹೆಗಡೆಯವರು ಕೇಳಿದರು.

"ಹದಿನಾಲ್ಕು ಮನೆ. ಹನ್ನೊಂದರಲ್ಲಿ ನೆಂಟ್ರು."

"ಬಂದು ಎಷ್ಟು ದಿನ ಆತು?"

"ಒಬ್ರಿಗೆ ಆರು ವರ್ಷ. ಮತ್ತೊಬ್ರ ಮಗು ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋಗ್ತದೆ."

"ಅಷ್ಟು ದಿನ ನೆಂಟ್ರನ್ನ ಸಾಕೋ ಊರು ಇದೊಂದೇ ಇರಬೇಕು."

ಈರಮ್ಮನ ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಅಂಬಾ ನಗಲಿಲ್ಲ. "ನಿಮ್ಮ ಕೇರಿಯಲ್ಲಿ ನೆಂಟ ಕಾಣೆಯಾದ್ರೆ ಹುಡುಕೂ ಕ್ರಮ ಇಲ್ವಾ ಅಮ್ಮ? ಊಟ ಹಾಕೂ ಕ್ರಮ ಮಾತ್ರ ಇರೂದಾ?"

ಮೆಣಸು ಮುರಿಯುವ ಕೈ ನಿಂತಿತು.

ಆ ಕೇರಿಗೆ ಜನ ನೀರಿನವರ ಸಾಲು ಎನ್ನುತ್ತಾರೆ. ಊರಿಗೆ ನೀರು ಬಿಡುವ ನೌಕರರಿಗಾಗಿ ಪಟ್ಟಣ ಪಂಚಾಯತ ಹಿಂದೆ ಕಟ್ಟಿಸಿದ ಹದಿನಾಲ್ಕು ಹಂಚಿನ ಮನೆಗಳು. ಹನ್ನೊಂದು ವರ್ಷದ ಕೆಳಗೆ ಅವುಗಳಲ್ಲಿ ಇದ್ದವರಿಗೇ ಕ್ರಯಕ್ಕೆ ಕೊಟ್ಟರು. ಕ್ರಯಪತ್ರದಲ್ಲಿ ಒಂದು ಕಟ್ಟಳೆ ಇತ್ತು. ಹದಿನೈದು ವರ್ಷ ಮನೆಯನ್ನು ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ, ಕೊಂಡವರೇ ಖುದ್ದು ವಾಸ ಮಾಡತಕ್ಕದ್ದು. ತಪ್ಪಿದರೆ ಮನೆ ಪಂಚಾಯತಕ್ಕೆ ವಾಪಸು.

ಕಟ್ಟಳೆ ಕಾಗದದಲ್ಲಿ ಉಳಿಯಿತು. ಮನುಷ್ಯರು ಹೊಟ್ಟೆಪಾಡು ಇದ್ದಲ್ಲಿಗೆ ಹೋದರು. ಖಾಲಿಯಾದ ಮನೆಗಳಿಗೆ ಬೇರೆ ಊರಿನವರು ಬಂದರು. ಅವರನ್ನು ಏನೆಂದು ಕರೆಯುವುದು? ನೆಂಟರು ಎಂದು ಕರೆದರು.

"ಅಮ್ಮ, ನಾನು ಪಂಚಾಯತದವನಲ್ಲ," ಹೆಗಡೆಯವರು ದನಿ ತಗ್ಗಿಸಿ ಹೇಳಿದರು. "ಯಾರ ಮನೆಯನ್ನೂ ಕಿತ್ತುಕೊಳ್ಳಲಿಕ್ಕೆ ಬಂದವನಲ್ಲ. ಆ ಕೆಲಸ ಮಾಡಿ ಮಾಡಿ ಸಾಕಾಗಿದೆ. ಇವಳ ತಮ್ಮ ಎಲ್ಲಿ, ಅಷ್ಟು ಹೇಳು."

ಈರಮ್ಮ ಮೊರ ಬದಿಗಿಟ್ಟು ಎದ್ದಳು. ಗಂಡ ಸತ್ತ ಮೇಲೂ ಈ ಸಾಲಿನಲ್ಲಿ ಕಟ್ಟಳೆಯಂತೆ ಸ್ವಂತ ಮನೆಯಲ್ಲೇ ಇದ್ದ ಮೂವರಲ್ಲಿ ಅವಳೊಬ್ಬಳು. ಒಳಗೆ ಹೋಗಿ ಕೋಣೆಯ ಕದ ದೂಡಿ, "ಬನ್ನಿ," ಎಂದಳು.

ಕೋಣೆಯ ಮೂಲೆಯಲ್ಲಿ ಹಸಿರು ಬಣ್ಣದ ತಗಡಿನ ಟ್ರಂಕು. ಅಂಬಾ ಅದರ ಮುಂದೆ ಕುಕ್ಕರಿಸಿ, ಮುಚ್ಚಳದ ಮೇಲೆ ಕೈ ಆಡಿಸಿ, ಹಣೆ ತಾಗಿಸಿದಳು.

"ಇದು ನಮ್ಮ ಅಪ್ಪನ ಪೆಟ್ಟಿಗೆ," ಎಂದಳು ಆಮೇಲೆ.

ಈರಮ್ಮ ಹೇಳತೊಡಗಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೂ ಹಗುರವಾದಂತೆ ಕಂಡಿತು.

ವರ್ಷಕ್ಕೊಮ್ಮೆ ಪಂಚಾಯತದವರು ಪರಿಶೀಲನೆಗೆ ಬರುತ್ತಾರೆ. ಆ ದಿನ ಮನೆ ಕೊಂಡವರೆಲ್ಲ ಎಲ್ಲೆಲ್ಲಿಂದಲೋ ಬಂದು ತಂತಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ. ನೆಂಟರು ಹಿಂದಿನ ಸಂಜೆಯೇ ತಮ್ಮ ಪೆಟ್ಟಿಗೆ, ಹಾಸಿಗೆಗಳನ್ನು ಈರಮ್ಮನ ಮನೆಯಲ್ಲಿ ತಂದಿಡುತ್ತಾರೆ. ಬೆಳಗಾದರೆ ನರೇಶನ ಟೆಂಪೋ ಹತ್ತಿ ಎಲ್ಲರೂ ಯಾಣಕ್ಕೆ ಹೋಗುತ್ತಾರೆ.

"ಯಾಣಕ್ಕೆ ಎಂತಕ್ಕೆ?"

"ಒಂದ್ ದಿವ್ಸ ಮನೆ ಬಿಟ್ಟು ಇರ್ಬೇಕಲ್ಲ ಒಡೆಯಾ. ಪ್ಯಾಟೆಯಲ್ಲಿ ತಿರುಗಿದ್ರೆ ಯಾರಾದ್ರೂ ಕಾಣ್ತ್ರು. ದೇವ್ರ ಹತ್ರ ಹೋದ್ರೆ ಸುಳ್ಳು ಹೇಳಿದ ಪಾಪ ಅಲ್ಲೇ ತೊಳ್ದು ಹೋಗ್ತದೆ ಅಂತ, ಸುರುವಿಗೆ ಯಾರೋ ತಮಾಷೆಗೆ ಹೇಳಿದ್ದು. ಈಗ ಅದೇ ಕ್ರಮ ಆತು. ಬುತ್ತಿ ಕಟ್ಕಂಡೇ ಹೋಗ್ತ್ರು."

ಹೆಗಡೆಯವರು ಕಣ್ಣು ಮುಚ್ಚಿದರು. ಬಂಡೆಯ ಅಡಿಯಲ್ಲಿ ಕೂತ ಭೈರವನ ಮುಂದೆ ಸಾಲಾಗಿ ನಿಂತ ಹನ್ನೊಂದು ಮನೆಯ ನೆಂಟರು ಕಣ್ಣಿಗೆ ಕಟ್ಟಿದರು. ದೇವರು ಎಷ್ಟೋ ಬಗೆಯ ಭಕ್ತರನ್ನು ಕಂಡಿದ್ದಾನು. ಪಂಚಾಯತಕ್ಕೆ ಹೆದರಿ ಬಂದವರನ್ನು ಏನೆಂದು ಹರಸಿದನೋ!

"ಹದಿನಾರು ದಿವ್ಸದ ಹಿಂದೆ ಈ ವರ್ಷದ ಪರಿಶೀಲನೆ ಆತು. ಉಳಿದವರೆಲ್ಲ ಅವತ್ತು ಸಂಜೆ ತಮ್ಮ ಪೆಟ್ಟಿಗೆ ತಕ್ಕಂಡು ಹೋದ್ರು," ಈರಮ್ಮ ಹೇಳಿದಳು. "ಇದೊಂದು ಉಳೀತು."

"ಮಹಾದೇವ ಟೆಂಪೋ ಹತ್ತಿದ್ದ?"

ಈರಮ್ಮ ಅಂಬಾಳ ಮುಖ ನೋಡಿ, ನೆಲ ನೋಡಿದಳು.

"ಇಲ್ಲ. ಹತ್ತು ಮನೆಯವ್ರೇ ಹೋದದ್ದು. ಅವನ ಜಾಗದಲ್ಲಿ ನರೇಶ ಅನ್ನದ ಪಾತ್ರೆ ಇಟ್ಕಂಡಿದ್ದ."

ಅಂಬಾ ತಟ್ಟನೆ ತಿರುಗಿದಳು. "ಮನೆ ಒಡತಿ ಫೋನಲ್ಲಿ ನನಗೆ ಹೇಳಿದ್ದೇ ಬೇರೆ. ಬೆಳಿಗ್ಗೆ ಟೆಂಪೋ ಹತ್ತಿ ಹೋದ, ಮತ್ತೆ ಬರಲಿಲ್ಲ, ಬೆಳಕೆಗೆ ಹೋಗಿರ್ಬೇಕು ಅಂದ್ಲು."

"ಅದು ರೋಹಿಣಿ ಹೇಳಿದ ಮಾತು. ನನ್ನ ಬಾಯಲ್ಲಿ ಹೇಳಿಸ್ಬ್ಯಾಡಿ," ಎಂದಳು ಈರಮ್ಮ. ಸೆರಗಿನ ಗಂಟು ಬಿಚ್ಚಿ ಒಂದು ಕೀಲಿಕೈ ತೆಗೆದು ಹೆಗಡೆಯವರ ಕೈಗಿಟ್ಟಳು. "ಏಳನೇ ಮನೆ, ಅಂವ ಇದ್ದದ್ದು. ನಾನು ಕೊಟ್ಟೆ ಅಂತ ಹೇಳಿದ್ರೂ ಅಡ್ಡಿಲ್ಲ. ಹದಿನಾರು ದಿವ್ಸ ಆತು, ಈ ಪೆಟ್ಟಿಗೆ ಇದ್ದ ಕೋಣೆಯಲ್ಲಿ ನಂಗೆ ನಿದ್ದೆ ಹತ್ತೂದಿಲ್ಲ."

*

ಏಳನೇ ಮನೆಯಲ್ಲಿ ಒಂದು ಜಗಲಿ, ಒಂದು ಒಳಕೋಣೆ, ಹಿಂದೆ ಅಡುಗೆಮನೆ. ಗೂಡಿನಲ್ಲಿ ಎಣ್ಣೆ ಆರಿದ ದೀಪ.

ಹೆಗಡೆಯವರು ಹೊಸ್ತಿಲು ಮುಟ್ಟಿ ನಮಸ್ಕರಿಸಿಯೇ ಒಳಗೆ ಕಾಲಿಟ್ಟರು. ಬೇಲಿಫನಾಗಿದ್ದಾಗಲೂ ಅದು ಅವರ ಅಭ್ಯಾಸ. ಬೀಗ ಜಡಿಯಲು ಬಂದವ ಹೊಸ್ತಿಲಿಗೆ ಕೈಮುಗಿಯುವುದನ್ನು ನೋಡಿ ಎಷ್ಟೋ ಮನೆಯ ಹೆಂಗಸರು ಇನ್ನೂ ಜೋರಾಗಿ ಅತ್ತದ್ದುಂಟು.

ಒಳಕೋಣೆಯ ಸಿಮೆಂಟು ನೆಲದ ಮೇಲೆ ಬೆರಳಗಲದ ಒಂದು ಬಿಸಿಲ ಗೆರೆ ಬಿದ್ದಿತ್ತು.

ಅವರು ತಲೆಯೆತ್ತಿದರು. ಕೋಣೆಯ ಅರ್ಧ ಭಾಗಕ್ಕೆ ಹಲಗೆಯ ಅಟ್ಟ. ಅಟ್ಟದ ಆಚೆ ಮೂಲೆಯಲ್ಲಿ ಎರಡು ಹಂಚುಗಳು ಒಂದರೊಳಗೊಂದು ಸರಿಯಾಗಿ ಕೂತಿರಲಿಲ್ಲ. ಗೆರೆ ಅಲ್ಲಿಂದ ಬರುತ್ತಿತ್ತು.

"ಅಟ್ಟಕ್ಕೆ ಹತ್ತುವುದು ಹೇಗೆ? ಏಣಿ ಕಾಣುವುದಿಲ್ಲ."

ಅಂಬಾ ಹಿಂದಿನ ಬಾಗಿಲು ತೆಗೆದು ಹುಡುಕಿದಳು. ಏಣಿ ಸಿಕ್ಕಿದ್ದು ಬಚ್ಚಲಿನ ಹಿಂದೆ, ಗೋಡೆಗೆ ಅಡ್ಡವಾಗಿ ಮಲಗಿಸಿ, ಮೇಲೆ ತೆಂಗಿನ ಸೋಗೆ ಮುಚ್ಚಿದ ಸ್ಥಿತಿಯಲ್ಲಿ. ಒಳಗೆ ತಂದು ಅಟ್ಟಕ್ಕೆ ಆನಿಸಿದರೆ ಅದರ ಎರಡು ಕಾಲುಗಳು ನೆಲದಲ್ಲಿ ಮೊದಲೇ ಸವೆದ ಎರಡು ಕುಳಿಗಳಲ್ಲಿ ಸರಿಯಾಗಿ ಕೂತವು. ದಿನವೂ ಇಲ್ಲೇ ಇರುವ ಏಣಿ. ಯಾರೋ ಬೇಕೆಂದೇ ತೆಗೆದು ಹೊರಗೆ ಬಚ್ಚಿಟ್ಟಿದ್ದರು.

ಹೆಗಡೆಯವರು ಒಂದು ಮೆಟ್ಟಿಲು ಹತ್ತಿದರು. ಮೊಣಕಾಲು ಬೇಡವೆಂದಿತು.

"ನೀವು ಕೆಳಗೇ ಇರಿ ಹೆಗಡೇರೆ. ನಾನು ದೋಣಿ ಹತ್ತಿ ಇಳ್ದವಳು," ಎಂದು ಅಂಬಾ ಸೀರೆ ಎತ್ತಿಕಟ್ಟಿ ಸರಸರನೆ ಹತ್ತಿದಳು.

ಮೇಲೆ ಹಲಗೆಗಳು ಕಿರುಗುಟ್ಟಿದವು.

"ಅಂಬಾ? ಎಂತ ಕಾಣ್ತದೆ?"

"ಕಂಬಳಿ ಅದೆ." ಅವಳ ದನಿ ಹಲಗೆಯ ಮೇಲಿಂದ ಹೊರಳಿಕೊಂಡು ಬಂತು. "ಒಂದು ಲೋಟ. ಜ್ವರದ ಗುಳಿಗೆ, ನಾಲ್ಕು ತಿಂದ್ಕಂಡಿದ್ದಾನೆ. ಗಂಜಿ ತಟ್ಟೆ, ಇರುವೆ ಹತ್ತಿ ಒಣಗೋಗದೆ."

ಮತ್ತೆ ಸ್ವಲ್ಪ ಹೊತ್ತಿನ ಮೇಲೆ:

"ಚಪ್ಪಲಿ ಇಲ್ಲೇ ಅದೆ ಹೆಗಡೇರೆ."

ಅವಳು ಇಳಿದು ಬಂದಳು. ಎದೆಗೆ ಒತ್ತಿಕೊಂಡಿದ್ದ ನೀಲಿ ಪಟ್ಟಿಯ ಚಪ್ಪಲಿಗಳನ್ನು ನೆಲಕ್ಕಿಡದೆ, ಮೀನಿನ ಬುಟ್ಟಿಗೆ ಹಾಸುವ ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟಳು.

"ಅಂವ ಬರಿಗಾಲಲ್ಲಿ ಎಲ್ಲಿಗೂ ಹೋಗೂನಲ್ಲ. ಒಂದ್ಸಲ ಕಾಲಿಗೆ ಗಾಳ ಹೊಕ್ಕಿತ್ತು. ಆಮೇಲೆ ಮನೆ ಬಾಗಿಲಿಗೆ ಬರೂಕೂ ಚಪ್ಪಲಿ ಬೇಕು ಅವನಿಗೆ."

ಹೆಗಡೆಯವರು ಬಿಸಿಲ ಗೆರೆಯನ್ನೇ ನೋಡುತ್ತಿದ್ದರು. ಜ್ವರ ಬಂದ ಮನುಷ್ಯ ಟೆಂಪೋ ಹತ್ತಲಾರದೆ ಅಟ್ಟದ ಮೇಲೆ ಮಲಗಿದ್ದಾನೆ. ಕೆಳಗಿದ್ದವರು ಏಣಿ ತೆಗೆದು ಹೊರಗೆ ಬಚ್ಚಿಟ್ಟಿದ್ದಾರೆ. ಆಮೇಲೆ ಅವನು ಹಂಚು ಸರಿಸಿ ಹೊರಗೆ ಹೋಗಿದ್ದಾನೆ, ಇಲ್ಲವೇ ಯಾರೋ ಹಂಚು ಸರಿಸಿ ಅವನನ್ನು ಹೊರಗೆ ಎಳೆದಿದ್ದಾರೆ.

"ಪೊಲೀಸ್ರು ಬೆಳಕೆಯ ಕಡಲಲ್ಲಿ ಎರಡು ದಿವ್ಸ ದೋಣಿ ಹಾಕಿದ್ರು," ಎಂದಳು ಅಂಬಾ ಬಾಗಿಲು ಎಳೆಯುತ್ತ. "ದೂರಿನಲ್ಲಿ ವಾಸದ ಜಾಗ ಬೆಳಕೆ ಅಂತ ಅದೆಯಲ್ಲ. ಇಲ್ಲಿ ಅಂವ ಇದ್ದ ಅಂತ ಬರ್ದುಕೊಡೂಕೆ ಯಾರೂ ಇಲ್ಲ. ಅವ್ರಾದ್ರೂ ಎಂತ ಮಾಡ್ತ್ರು?"

*

ರೋಹಿಣಿಯನ್ನು ಕಾಣಲು ಇಬ್ಬರೂ ಹತ್ತಿದ ಕುಮಟೆಯ ಬಸ್ಸಿನಲ್ಲಿ ಹೆಗಡೆಯವರಿಗೆ ಹೆಂಡತಿಯ ಫೋನು ಬಂತು.

"ಊಟಕ್ಕೆ ಬತ್ರೋ ಇಲ್ಯೋ?" ಮಹಾಲಕ್ಷ್ಮೀ ಕೇಳಿದರು.

"ಬತ್ತೆ. ತಡ ಆಗ್ತು."

"ಮೊಣಕಾಲು ಎಂತ ಹೇಳ್ತು?"

"ಅದರಷ್ಟಕ್ಕೆ ಅದು ಹೇಳ್ತಾ ಇದ್ದು. ಆನು ಕೇಳ್ತ್ನಿಲ್ಲೆ."

"ಆನು ಹೇಳಿದ್ದನ್ನೂ ಹಂಗೇ ಕೇಳ್ದೇ ಮೂವತ್ತೈದು ವರ್ಷ ಆತು," ಎಂದು ಆ ಕಡೆಯಿಂದ ಫೋನು ಇಟ್ಟಾಯಿತು.

ಹಳದೀಪುರ ದಾಟಿತು, ಧಾರೇಶ್ವರ ದಾಟಿತು. ದೇವಸ್ಥಾನದ ದಿಕ್ಕಿಗೆ ಅವರ ಕೈಗಳು ತಾವಾಗಿ ಜೋಡಿಕೊಂಡವು. ಬೇಡಿಕೊಳ್ಳಲು ಹೋದರೆ ಏನು ಬೇಡುವುದೆಂದು ತಿಳಿಯಲಿಲ್ಲ. ಈ ಹೆಂಗಸಿನ ತಮ್ಮ ಸಿಗಲಿ ಎಂದರೆ ಆ ಹೆಂಗಸಿನ ಮನೆ ಹೋಗುತ್ತದೆ. ಆ ಮನೆ ಉಳಿಯಲಿ ಎಂದರೆ ಹುಡುಕುವವರು ಕಡಲಲ್ಲೇ ಬಲೆ ಬೀಸುತ್ತಿರುತ್ತಾರೆ.

*

ಕುಮಟೆಯ ಕಾಲೇಜು ಹುಡುಗಿಯರ ವಸತಿನಿಲಯದ ಹಿತ್ತಿಲಲ್ಲಿ, ಗೇರುಮರದ ನೆರಳಿಗೆ ಮೆಟ್ಟುಗತ್ತಿ ಹಾಕಿಕೊಂಡು ರೋಹಿಣಿ ಮೊಗೆಕಾಯಿ ಹೆಚ್ಚುತ್ತಿದ್ದಳು. ಮೂವತ್ತೆಂಟರ ಹೆಂಗಸು. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವಳ ಕೆಂಪುಗಣ್ಣು.

"ನಾನು ಫೋನಲ್ಲೇ ಹೇಳಿದ್ದೆನಲ್ಲ," ಎಂದಳು ಅವರನ್ನು ನೋಡಿದ್ದೇ. "ಟೆಂಪೋ ಹತ್ತಿ ಹೋದ. ಆಮೇಲಿಂದು ನಂಗೆ ಗೊತ್ತಿಲ್ಲ."

ಅಂಬಾ ಚೀಲ ಬಿಚ್ಚಿ ಚಪ್ಪಲಿಗಳನ್ನು ಅವಳೆದುರಿನ ಮಣ್ಣಿನ ಮೇಲೆ ಜೋಡಿಸಿಟ್ಟಳು. ಯಾರೋ ಬಂದು ಬಾಗಿಲಲ್ಲಿ ಬಿಟ್ಟು ಒಳಗೆ ಹೋದ ಹಾಗೆ.

ರೋಹಿಣಿಯ ಕೈ ಕತ್ತಿಯ ಮೇಲೇ ನಿಂತಿತು. ಬೆರಳ ಸಂದಿಯಿಂದ ರಕ್ತ ಮೊಗೆಕಾಯಿಯ ಹೋಳಿನ ಮೇಲೆ ಹನಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ.

"ಕೈ ನೋಡ್ಕೊ ತಂಗಿ," ಎಂದರು ಹೆಗಡೆಯವರು.

ಅವಳು ಸೆರಗಿನಲ್ಲಿ ಬೆರಳು ಸುತ್ತಿಕೊಂಡಳು.

"ಏಣಿ ತೆಗೆದವಳು ನೀನಾ?"

"ಹೌದು."

"ಎಂತಕ್ಕೆ?"

"ಏಣಿ ಇದ್ರೆ ಬಂದವ್ರು ಅಟ್ಟ ಹತ್ತಿ ನೋಡ್ತ್ರಲ್ಲ!" ಅವಳ ದನಿ ಏರಿತು. ಅಡುಗೆಮನೆಯ ಕಡೆ ನೋಡಿ ಮತ್ತೆ ತಗ್ಗಿಸಿದಳು. "ನಾನು ಮೊದ್ಲನೇ ಬಸ್ಸಿಗೆ ಹೋದೆ. ಬಾಗಿಲು ತೆಗೆದ್ರೆ ಅಂವ ಅಲ್ಲೇ ಮಲಗಿದ್ದಾನೆ. ಮೈ ಕಾದ ಕಾವಲಿ. ಟೆಂಪೋ ಹೋಗಿ ಆತು. ಹೊರಗೆ ಕಳ್ಸೂದು ಎಲ್ಲಿಗೆ? ಗಂಜಿ ಮಾಡಿ ಕೊಟ್ಟೆ, ಗುಳಿಗೆ ಕೊಟ್ಟೆ. ನಾನೇ ಹಿಡ್ಕಂಡು ಅಟ್ಟ ಹತ್ತಿಸ್ದೆ. ಎರಡು ತಾಸು ಕೆಮ್ಮಬೇಡ ಮಾರಾಯ, ನನ್ನ ಮನೆ ನಿನ್ನ ಗಂಟಲಲ್ಲಿ ಅದೆ ಅಂದೆ. ಅಂವ ನಕ್ಕ."

ಅಂಬಾ ಮುಖ ತಿರುಗಿಸಿದಳು.

"ಬಂದವ್ರು ಫೋಟೋ ತೆಗೆದು ಹೋದ್ರು. ಅವ್ರ ಜೊತೆ ರಸ್ತೆವರೆಗೆ ಹೋಗಿ, ನಾಲ್ಕು ಮಾತಾಡಿ ಬಂದೆ. ಬಂದು ಏಣಿ ಇಟ್ಟು ಹತ್ತಿ ನೋಡಿದ್ರೆ..." ಅವಳು ಎರಡೂ ಕೈ ಬಿಡಿಸಿ ತೋರಿಸಿದಳು. "ಹಂಚು ತೆಗ್ದದೆ. ಆಕಾಶ ಕಾಣ್ತದೆ. ಅಂವ ಇಲ್ಲ."

"ಕೂಗಿ ಕರೆಯಲಿಲ್ಲವಾ?"

"ಏನಂತ ಕರೀಲಿ? ಇಲ್ಲದೇ ಇದ್ದ ಮನುಷ್ಯನ್ನ?" ರೋಹಿಣಿ ಬಿಕ್ಕಿದಳು. "ಹಂಚು ಎಳ್ದು ಹಾಕ್ದೆ. ಏಣಿ ಮತ್ತೆ ಹೊರಗಿಟ್ಟೆ. ಸಿಟ್ಟು ಬಂದು ಹೋಗಿರ್ಬೇಕು, ಊರಿಗೆ ಹೋಗಿರ್ಬೇಕು ಅಂದ್ಕಂಡೆ. ದಿನಾ ಹಾಗೇ ಅಂದ್ಕಂಡೆ."

"ಹದಿನಾರು ದಿವ್ಸ," ಎಂದಳು ಅಂಬಾ.

"ನನ್ನ ಅಪ್ಪ ಹಮ್ಮ ಮೂವತ್ತು ವರ್ಷ ಬೆಳಗಾತ ಮೂರು ಗಂಟೆಗೆ ಎದ್ದು ಹೊನ್ನಾವರಕ್ಕೆ ನೀರು ಬಿಟ್ಟ. ಅದ್ರಲ್ಲಿ ಕೊಂಡ ಮನೆ ಅದು. ಅಲ್ಲೇ ಇರು ಅಂತ ಕಾಗದ ಹೇಳ್ತದೆ. ಅಲ್ಲಿದ್ರೆ ತಿನ್ನೂದು ಎಂತ? ಕೆಲಸ ಸಿಕ್ಕಿದ್ದು ಇಲ್ಲಿ, ಬೆಳಗಾತ ನಾಲ್ಕಕ್ಕೆ ಒಲೆ ಹತ್ತಬೇಕು. ಬೀಗ ಹಾಕಿದ್ರೂ ತಪ್ಪು, ಬಾಡಿಗೆಗೆ ಕೊಟ್ರೂ ತಪ್ಪು. ಹದಿನೈದರಲ್ಲಿ ಹನ್ನೊಂದು ಕಳೀತು. ಇನ್ನು ನಾಲ್ಕು ವರ್ಷ ಒಬ್ಬ ಒಳ್ಳೆ ಮನುಷ್ಯ ಅಲ್ಲಿ ದೀಪ ಹಚ್ಕಂಡು ಇದ್ರೆ ಸಾಕಾಗಿತ್ತು ನಂಗೆ."

ಹೆಗಡೆಯವರು ಗೇರುಮರಕ್ಕೆ ಒರಗಿದರು. ಇದೇ ಕಟ್ಟಳೆಯ ನೋಟೀಸುಗಳನ್ನು ಅವರೂ ಅಂಟಿಸಿದ್ದರು. ಅಂಟಿಸಿ ತಿರುಗಿ ನೋಡದೆ ಬಂದಿದ್ದರು. ಕಾಗದದಲ್ಲಿ ಬರೆದವನಿಗೆ ಮನೆ ಒಂದು ಅಂಕಿ. ಅಂಟಿಸಿದವನಿಗೆ ಒಂದು ಬಾಗಿಲು. ಅದರೊಳಗೆ ನಾಲ್ಕು ವರ್ಷಗಳನ್ನು ಒಂದೊಂದಾಗಿ ಎಣಿಸುತ್ತ ಒಬ್ಬಳು ಕೂತಿರುತ್ತಾಳೆಂದು ಆಗ ಯೋಚಿಸಿರಲಿಲ್ಲ.

"ನೋಡು ತಂಗಿ," ಎಂದರು ಕೊನೆಗೆ. "ಮಹಾದೇವ ನಿನ್ನ ಮನೆಯಲ್ಲಿ ಬಾಡಿಗೆಗೆ ಇದ್ದ, ಅವತ್ತು ಅಲ್ಲಿಂದಲೇ ಕಾಣೆಯಾದ ಅಂತ ನೀನು ಬರೆದುಕೊಟ್ಟರೆ ಪೊಲೀಸರು ಕಡಲು ಬಿಟ್ಟು ಹೊನ್ನಾವರಕ್ಕೆ ಬರ್ತಾರೆ. ಆದರೆ ಆ ಕಾಗದ ಪಂಚಾಯತಕ್ಕೂ ಹೋಗಬಹುದು. ಮನೆ ಹೋಗಬಹುದು. ಇದನ್ನು ಮುಚ್ಚಿಟ್ಟು ನಿನ್ನ ಕೈಯಿಂದ ಬರೆಸಿಕೊಳ್ಳಲಾರೆ."

"ಹೋಗ್ತದೆ ಅಂತಲೇ ಹೇಳಿ," ಎಂದಳು ರೋಹಿಣಿ.

ಅಂಬಾ ಚಪ್ಪಲಿಗಳನ್ನು ಎತ್ತಿಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಸುತ್ತುತ್ತಲೇ ಹೇಳಿದಳು:

"ನಾನು ನಿಂಗೆ ಶಾಪ ಹಾಕೂಕೆ ಅಂತಲೇ ಬಂದಿದ್ದೆ. ನೀನು ಅವನಿಗೆ ಗಂಜಿ ಮಾಡಿ ಕೊಟ್ಟೆ ಅಂದ್ಯಲ್ಲ, ಈಗ ಬಾಯಿ ಬರೂದಿಲ್ಲ. ನಿನ್ನ ಮನೆ ನಂಗೆ ಬ್ಯಾಡ. ಹುಡುಕುವವ್ರಿಗೆ ಒಂದು ಜಾಗ ಬೇಕು, ಅಷ್ಟೆ. ಕಡಲಲ್ಲಿ ಎಲ್ಲಿ ಅಂತ ಹುಡುಕ್ಲಿ?"

ಒಳಗಿನಿಂದ ಯಾರೋ ಹುಡುಗಿ, "ರೋಹಿಣಿ ಅಕ್ಕ, ಅನ್ನ ಉಕ್ತಾ ಉಂಟು!" ಎಂದು ಕೂಗಿದಳು. ರೋಹಿಣಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೆಗಡೆಯವರು ಇನ್ನು ಬರುವುದಿಲ್ಲ ಎಂದುಕೊಂಡರು.

ಬಂದಳು. ಕೈಯಲ್ಲಿ ಯಾವುದೋ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಒಂದು ಪೆನ್ನು.

"ಹೇಳಿ, ಎಂತ ಬರೀಬೇಕು?"

"ನಡೆದದ್ದು ಬರಿ. ನನ್ನ ಮಾತು ಬೇಡ."

ಮೊಗೆಕಾಯಿ ಹೆಚ್ಚುವ ಮಣೆಯ ಮೇಲೆ ಹಾಳೆಯಿಟ್ಟು ರೋಹಿಣಿ ಬರೆದಳು. ಶಾಲೆಯ ಹುಡುಗಿಯ ಹಾಗೆ ದುಂಡನೆಯ ಅಕ್ಷರ. ಸಹಿ ಮಾಡುವಾಗ ಮಾತ್ರ ಕೈ ನಿಂತಿತು. ಆಮೇಲೆ 'ಹಮ್ಮನ ಮಗಳು ರೋಹಿಣಿ' ಎಂದು ಬರೆದು, ಹಾಳೆಯನ್ನು ಅಂಬಾಳ ಕಡೆ ಸರಿಸಿದಳು.

ಅಂಬಾ ಅದನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು. "ಒಂದೂಕಾಲಿನ ಭಟ್ಕಳ ಬಸ್ಸು ಸಿಕ್ಕಿದ್ರೆ ಮೂರೂವರೆಗೆ ಠಾಣೆಯಲ್ಲಿ ಇರ್ತೆ. ನೀವು ನಿಧಾನಕ್ಕೆ ಮನೆಗೆ ಹೋಗಿ ಹೆಗಡೇರೆ, ನಿಮ್ಮ ಕಾಲು ಸೋತದೆ," ಎಂದು ಹೊರಟಳು. ಹದಿನಾರು ದಿನಗಳಲ್ಲಿ ಮೊದಲ ಸಲ ಅವಳ ಹೆಜ್ಜೆಯಲ್ಲಿ ಅವಸರ ಕಂಡಿತು.

*

ರೋಹಿಣಿ ಬಿಡಲಿಲ್ಲ. "ಇಷ್ಟು ದೂರ ಬಂದು ಬರೀ ಹೊಟ್ಟೆಯಲ್ಲಿ ಹೋಗ್ಬ್ಯಾಡಿ," ಎಂದು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದಿಟ್ಟು, ಹುಡುಗಿಯರಿಗೆ ಬಡಿಸಲು ಹೋದಳು. ಊಟದ ಗದ್ದಲ ಮುಗಿದು ಅವಳು ಮತ್ತೆ ಬರುವಾಗ ಗಂಟೆ ಎರಡಾಗುತ್ತಿತ್ತು. ಮಣೆಯ ಮೇಲೆ ಕೂತು ಸುತ್ತಲೂ ನೋಡಿದಳು.

"ಹಗುರ ಆಗ್ಬೇಕಿತ್ತು," ಎಂದಳು. "ಆಗ್ಲಿಲ್ಲ."

ಆಗ ಹೆಗಡೆಯವರ ಫೋನು ಬಡಿದುಕೊಂಡಿತು. ಸ್ಮೃತಿ.

"ಮಾವ, ಆನು ಹೊನ್ನಾವರದಲ್ಲಿದ್ದಿ. ಪಂಚಾಯತದಿಂದ ಈಗಷ್ಟೇ ಹೊರಗೆ ಬಂದಿ. ಅವತ್ತಿನ ಪರಿಶೀಲನೆದು ದಾಖಲೆ ಕೇಳ್ದಿ. ಅವು ಎಲ್ಲಾ ಪುಸ್ತಕ ತೆಗೆದು ತೋರ್ಸಿದ. ನೀರಿನವರ ಸಾಲಿಗೆ ಈ ವರ್ಷ ಪರಿಶೀಲನೆನೇ ಆಜಿಲ್ಲೆ. ಜೂನಿಗೆ ಇಟ್ಕಂಡಿದ್ದ. ಅವತ್ತು ಅಲ್ಲಿಗೆ ಇವರ ಪೈಕಿ ಯಾರೂ ಹೋಜ್ವಿಲ್ಲೆ."

ಹೆಗಡೆಯವರು ಫೋನು ಕಿವಿಯಿಂದ ಇಳಿಸಿದರು. ಪರಿಶೀಲನೆ ನಡೆದೇ ಇಲ್ಲ. ಹಾಗಾದರೆ ಪರಿಶೀಲನೆಯ ಹೆಸರು ಹೇಳಿ ಒಂದಿಡೀ ಕೇರಿಯ ನೆಂಟರನ್ನು ಯಾರೋ ಹೊರಗೆ ಕಳಿಸಿದ್ದರು.

"ರೋಹಿಣಿ, ಅವತ್ತು ಬಂದವರು ಎಷ್ಟು ಜನ?"

"ಇಬ್ರು. ಕೊರಳಿಗೆ ಗುರುತಿನ ಚೀಟಿ ಹಾಕ್ಕಂಡಿದ್ರು. ಒಬ್ರು ಫೋಟೋ ತೆಗೆದ್ರು. ಮತ್ತೊಬ್ರು ನೀರು ಕೇಳಿ ಒಳಗೆ ಹೋದ್ರು. ನಾನು ರಸ್ತೆಗೆ ಹೋಗಿದ್ದು ಫೋಟೋದವರ ಜೊತೆ."

"ನೀರು ಕುಡಿದವನು?"

"ಅವ್ರು ಹಿಂದೆ ಬರ್ತೆ ಅಂದ್ರು." ಅವಳು ತಡೆದಳು. "ಅವ್ರು ಒಳ್ಳೆಯವ್ರು. ಮೊನ್ನೆ ಇಲ್ಲಿಗೂ ಬಂದಿದ್ರು."

"ಇಲ್ಲಿಗೆ?"

"ನಿಮ್ಮ ನೆಂಟನ ವಿಷಯ ನಮಗೆ ಗೊತ್ತಾತು, ಆದ್ರೆ ನಾವು ಬರ್ಕಂಡಿಲ್ಲ ಅಂದ್ರು. ನೀವು ಬಾಯಿ ಬಿಡೂವರೆಗೆ ಮನೆಗೂ ತೊಂದ್ರೆ ಇಲ್ಲ, ಅವನಿಗೂ ತೊಂದ್ರೆ ಇಲ್ಲ ಅಂದ್ರು. ದೇವ್ರಂಥವ್ರು ಅಂದ್ಕಂಡೆ ನಾನು. ಅವ್ರ ಹೆಸರು ಎಲ್ಲೂ ಬರ್ಬಾರದು ಅಂತ ನಿಮಗೂ ಹೇಳ್ಲಿಲ್ಲ."

"ಅವನಿಗೂ ತೊಂದರೆ ಇಲ್ಲ," ಹೆಗಡೆಯವರು ಆ ಮಾತನ್ನು ಮೆಲ್ಲಗೆ ತಮಗೇ ಹೇಳಿಕೊಂಡರು.

ರೋಹಿಣಿ ಮಣೆಯಿಂದ ಎದ್ದು ನಿಂತಳು. ಅವಳಿಗೂ ಈಗ ಕೇಳಿಸಿತ್ತು.

ಮಹಾದೇವ ಬದುಕಿದ್ದಾನೆ. ಅವನನ್ನು ಹಿಡಿದಿಟ್ಟವರಿಗೆ ಬೇಕಾಗಿದ್ದುದು ಇವಳ ಬಾಯಿ ಮುಚ್ಚಿರುವುದೊಂದೇ. ಆ ಬಾಯಿಯನ್ನು ಈ ಗೇರುಮರದ ಕೆಳಗೆ ಕೂತು, ಒಳ್ಳೆಯ ಮಾತಿನಲ್ಲಿ, ತಾವೇ ಬಿಡಿಸಿದ್ದರು.

ಅವರ ಬೆರಳು ಅಂಬಾಳ ನಂಬರು ಒತ್ತಿತು. ಒಂದು ಸಲ ಹೋಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೆಯದಕ್ಕೆ ಬಸ್ಸಿನ ಸದ್ದು, ಗಾಳಿ, ಅದರ ನಡುವೆ ಅಂಬಾಳ ದನಿ.

"ಹೆಗಡೇರೆ! ನಾನೇ ಮಾಡ್ಬೇಕು ಅಂದ್ಕಂಡೆ. ಬಸ್ಸು ಶರಾವತಿ ಸೇತುವೆ ಮೇಲೆ ಅದೆ."

"ಅಂಬಾ, ಕೇಳು. ಆ ಕಾಗದ ಯಾರಿಗೂ ತೋರಿಸಬೇಡ."

"ಆತು, ಆತು. ಮತ್ಯಾರಿಗೂ ಇಲ್ಲ." ಅವಳು ನಗುತ್ತಿದ್ದಳು. ಅವಳ ನಗು ಹೇಗಿರುತ್ತದೆಂದು ಹೆಗಡೆಯವರು ಇದೇ ಮೊದಲು ಕೇಳುತ್ತಿದ್ದರು. "ಕುಮಟೆಯಲ್ಲೇ ಒಬ್ರು ಹತ್ತಿ ನನ್ನ ಪಕ್ಕ ಕೂತ್ಕಂಡ್ರು. ಪಂಚಾಯತದವ್ರಂತೆ. ಅವ್ರಿಗೆ ಓದೂಕೆ ಕೊಟ್ಟೆ. ಓದಿ, ಮಹಾದೇವ ಎಲ್ಲಿದ್ದಾನೆ ಅಂತ ನಂಗೆ ಗೊತ್ತು ಅಂದ್ರು ಹೆಗಡೇರೆ! ಠಾಣೆಗೆ ಆಮೇಲೆ ಹೋಗ್ವ, ಮೊದ್ಲು ನಿನ್ನ ತಮ್ಮನ್ನ ನೋಡು ಅಂತ್ರು."

"ಅಂಬಾ, ಇಳೀಬೇಡ. ಕಂಡಕ್ಟರಿಗೆ ಫೋನು ಕೊಡು..."

"ಕೇಳೂದಿಲ್ಲ, ಗಾಳಿ ಅದೆ. ಸೇತುವೆ ದಾಟಿ ಕಾಸರಕೋಡು ಬಂತು, ನಾವು ಇಳೀತ್ವು. ಇಡ್ತೆ ಹಾಂ."